ಮೊಣಕೈ ಒಳಗಿನ ಸಣ್ಣ ಎಲುಬು ಸೀಳಿದೆ ಅಂತಾರೆ, ಆಪರೇಷನ್ ಬೇಕೇ ಬೇಕಾ?

ಗಿರ್ಮಿಟ್_ಹುಬ್ಬಳ್ಳಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಡಿಬಿಡಿಯಲ್ಲಿದ್ದೇನೆ, ಬರೆದದ್ದು ಹಿಂದುಮುಂದಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಅಕ್ಕ ಲಕ್ಷ್ಮೇಶ್ವರದಲ್ಲಿರುತ್ತಾಳೆ. ನಲವತ್ತು ದಾಟಿದೆ. ಹೋದ ವಾರ ಸಂತೆಯಿಂದ ಬರುವಾಗ ಸ್ಕೂಟಿ ಜಾರಿ ಬಿದ್ದಳು. ಬೀಳುವಾಗ ಬಲಗೈ ಊರಿದ್ದಾಳೆ. ಅಲ್ಲೇ ಹತ್ತಿರ ಎಕ್ಸ್‌ರೇ ತೆಗೆಸಿದರು. "ಎಲುಬಿಗೆ ಏನೂ ಆಗಿಲ್ಲ, ಉಳುಕಿದೆ" ಅಂತ ಹೇಳಿ ಗುಳಿಗೆ ಕೊಟ್ಟು, ಕೈಯನ್ನು ಕೊರಳಿಗೆ ಕಟ್ಟಿ ಕಳಿಸಿದರು. ಬಾವು ಇಳಿಯಿತು, ಆದರೆ ಕೈ ಮಡಚಲು ಹೋದರೆ ಅರ್ಧಕ್ಕೆ ನಿಲ್ಲುತ್ತೆ. ಮುಂದೆ ಏನೋ ಅಡ್ಡ ಸಿಕ್ಕ ಹಾಗೆ ಅಂತಾಳೆ. ಕೊನೆಗೆ ಹುಬ್ಬಳ್ಳಿಗೆ ಕರೆತಂದೆ. ಇಲ್ಲಿ ಬೇರೆ ಎಕ್ಸ್‌ರೇ ಆಯ್ತು, ಸಿ.ಟಿ. ಆಯ್ತು. ಕ್ಯಾಪಿಟೆಲ್ಲಮ್ ಅನ್ನೋ ಜಾಗ ಮುರಿದಿದೆ, ಚೂರು ಸರಿದಿದೆ, ಬಹಳ ಅಪರೂಪದ್ದು, ಆಪರೇಷನ್ ಮಾಡಿ ತಲೆ ಇಲ್ಲದ ಎರಡು ಸ್ಕ್ರೂ ಹಾಕಬೇಕು ಅಂದರು.

ಭಾವನ ಮನೆಯವರು ಒಪ್ಪುತ್ತಿಲ್ಲ. "ಮೊದಲಿನ ಡಾಕ್ಟರ್ ಏನೂ ಇಲ್ಲ ಅಂದರು, ಇವರು ಸ್ಕ್ರೂ ಅಂತಾರೆ, ಯಾರನ್ನು ನಂಬೋದು? ಎಲುಬು ಕಟ್ಟುವವರ ಹತ್ತಿರ ಹೋಗೋಣ" ಅಂತ ಹಟ ಹಿಡಿದಿದ್ದಾರೆ. ಇಂಥದ್ದು ಯಾರಿಗಾದರೂ ಆಗಿದೆಯಾ? ಆಪರೇಷನ್ ಇಲ್ಲದೆ ಆಗೋದಿಲ್ವಾ? ಆಮೇಲೆ ಕೈ ಮೊದಲಿನ ಹಾಗೆ ಬರುತ್ತಾ?

ಬೆಟಗೇರಿ_ಮಗ್ಗ
ಮೊದಲು ಒಂದು ಮಾತು. ಯಾರಾದರೂ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರೆ ಇವತ್ತೇ ನಿಲ್ಲಿಸಿ.

ಗಿರ್ಮಿಟ್_ಹುಬ್ಬಳ್ಳಿ
ಅತ್ತೆಯವರು ಬಿಸಿ ಎಣ್ಣೆ ಹಚ್ಚುತ್ತಿದ್ದರಂತೆ. ಈಗ ನಿಲ್ಲಿಸಿದ್ದೇವೆ.

ಸಪ್ತಾಪುರ_ಮಾಸ್ತರ
ಈಗಿನ ಕಾಲದಲ್ಲಿ ಚೂರು ಬಿರುಕು ಬಿಟ್ಟರೂ ಸ್ಕ್ರೂ. ನನ್ನ ಮೊಣಕೈ ಪಿಯುಸಿ ಓದುವಾಗ ಮುರಿದಿತ್ತು. ಹಳ್ಳಿಯಲ್ಲಿ ಒಬ್ಬರು ಬಿದಿರಿನ ಪಟ್ಟಿ ಇಟ್ಟು ಕಟ್ಟಿದರು, ಅದೇನೋ ಲೇಪ ಹಚ್ಚಿದರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ, ತೆಂಗಿನಕಾಯಿ, ಎಲೆ ಅಡಿಕೆ ಅಷ್ಟೇ. ಇಡೀ ಸರ್ವೀಸು ಅದೇ ಕೈಯಲ್ಲಿ ಬೋರ್ಡಿನ ಮೇಲೆ ಬರೆದೆ. ಕೈ ಪೂರ್ತಿ ಚಾಚೋಕೆ ಬರೋದಿಲ್ಲ, ಅದು ಬಿಟ್ಟರೆ ಏನೂ ತೊಂದರೆ ಇಲ್ಲ.

ಬ್ಯಾಡಗಿ_ಖಾರ
"ಪೂರ್ತಿ ಚಾಚೋಕೆ ಬರೋದಿಲ್ಲ, ಏನೂ ತೊಂದರೆ ಇಲ್ಲ." ಹೆಂಗ್ರಿ ಸರ್ ಇದು?

ಸಪ್ತಾಪುರ_ಮಾಸ್ತರ
ಬೋರ್ಡಿನ ಹತ್ತಿರ ನಿಂತರೆ ಕೈ ಚಾಚೋ ಕೆಲಸವೇ ಇಲ್ಲ ತಮ್ಮಾ.

ಎಲುಬಿನ_ಪಿಜಿ
ನಾನು ಎಲುಬು ಕೀಲು ವಿಭಾಗದಲ್ಲಿ ಪಿಜಿ ಓದುತ್ತಿದ್ದೇನೆ. ಫಿಲ್ಮ್ ನೋಡದೆ ಅಕ್ಕನ ಬಗ್ಗೆ ತೀರ್ಪು ಕೊಡೋದಿಲ್ಲ. ಆದರೆ ಈ ಮುರಿತದ ಬಗ್ಗೆ ಹೇಳಬಹುದು.

ತೋಳಿನ ಎಲುಬಿನ ಕೆಳತುದಿಯಲ್ಲಿ, ಹೊರಬದಿಗೆ ಒಂದು ದುಂಡನೆಯ ಉಬ್ಬು ಇದೆ. ಅದೇ ಕ್ಯಾಪಿಟೆಲ್ಲಮ್. ಮುಂಗೈಯ ರೇಡಿಯಸ್ ಎಲುಬಿನ ತಲೆ ಅದರ ಮೇಲೆ ತಿರುಗುತ್ತೆ. ಅಂಗೈ ಊರಿ ಬಿದ್ದಾಗ ರೇಡಿಯಸ್ ಮೇಲಕ್ಕೆ ಗುದ್ದುತ್ತೆ, ಉಬ್ಬಿನ ಮುಂದಿನ ಭಾಗ ಸೀಳಿ ಬರುತ್ತೆ. ಬಂದ ಚೂರು ಧಾರವಾಡ ಪೇಢೆಯನ್ನು ನಡುವೆ ಕೊಯ್ದ ಹಾಗಿರುತ್ತೆ, ಒಂದು ಕಡೆ ದುಂಡು, ಒಂದು ಕಡೆ ಚಪ್ಪಟೆ. ಅದು ಮುಂದಕ್ಕೆ, ಮೇಲಕ್ಕೆ ಸರಿದು ಕೀಲಿನ ಎದುರು ಕೂತುಬಿಡುತ್ತೆ. ಅಕ್ಕ "ಅಡ್ಡ ಸಿಕ್ಕ ಹಾಗೆ" ಅಂದಿದ್ದು ಅದಕ್ಕೇ. ನಿಜವಾಗಿಯೂ ಅಡ್ಡ ಇದೆ.

ಮೊಣಕೈ ಮುರಿತಗಳಲ್ಲಿ ಇದು ಶೇ. 1ರ ಆಸುಪಾಸು. ಹೆಂಗಸರಲ್ಲಿ ಜಾಸ್ತಿ ಕಾಣುತ್ತೆ. ಮೊದಲ ಎಕ್ಸ್‌ರೇಯಲ್ಲಿ ತಪ್ಪಿದ್ದು ಆಶ್ಚರ್ಯ ಅಲ್ಲ. ಎದುರಿನಿಂದ ತೆಗೆದ ಫಿಲ್ಮಿನಲ್ಲಿ ಚೂರಿನ ಹಿಂದೆ ಇಡೀ ತೋಳಿನ ಎಲುಬೇ ಇರುತ್ತೆ, ಎರಡೂ ಒಂದರ ಮೇಲೊಂದು ಬಿದ್ದು ಏನೂ ಗೊತ್ತಾಗೋದಿಲ್ಲ. ಪಕ್ಕದಿಂದ ಸರಿಯಾಗಿ ತೆಗೆದರೆ ಮಾತ್ರ ಕಾಣುತ್ತೆ. ನೋವಿದೆ ಅಂತ ರೋಗಿ ಕೈ ಮಡಚದೆ ಇದ್ದರೆ ಪಕ್ಕದ ಫಿಲ್ಮೂ ಓರೆ ಬರುತ್ತೆ.

ಬ್ಯಾಡಗಿ_ಖಾರ
ಪೇಢೆ ಅಂದಿದ್ದಕ್ಕೆ ಹಸಿವಾಯ್ತು. ಲೈನ್ ಬಜಾರಿನದಾ?

ಎಲುಬಿನ_ಪಿಜಿ
ಎಲ್ಲಿಯದಾದರೂ ಸರಿ, ಡ್ಯೂಟಿ ಮುಗಿಯೋ ಹೊತ್ತಿಗೆ ಅಂಗಡಿ ಮುಚ್ಚಿರುತ್ತೆ.

ನವಲಗುಂದ_ಜಮಖಾನ
ನನಗೂ ಮೊಣಕೈ ಮುರಿದಿತ್ತು. ಬರೀ ಸ್ಲಿಂಗ್ ಹಾಕಿ, ಕೆಲವು ದಿನದಲ್ಲೇ ಕೈ ಆಡಿಸಿ ಅಂದರು. ಈಗ ಪೂರ್ತಿ ಸರಿ ಇದೆ. ಆಪರೇಷನ್ನೂ ಇಲ್ಲ, ಕಟ್ಟೂ ಇಲ್ಲ. ಎರಡನೆಯ ಕಡೆ ತೋರಿಸಿ, ಅವಸರ ಬೇಡ.

ಎಲುಬಿನ_ಪಿಜಿ
ನಿಮ್ಮದು ಬಹುಶಃ ರೇಡಿಯಸ್ ತಲೆಯ ಮುರಿತ, ಸರಿದಿರದೇ ಇದ್ದದ್ದು. ದೊಡ್ಡವರ ಮೊಣಕೈಯಲ್ಲಿ ಅದೇ ಬಹಳ ಸಾಮಾನ್ಯ, ಅದಕ್ಕೆ ಸ್ಲಿಂಗ್ ಸಾಕು. ಮೊಣಕೈ ಅಂದರೆ ಮೂರು ಎಲುಬು ಸೇರುವ ಜಾಗ. ಯಾವುದು, ಎಲ್ಲಿ, ಎಷ್ಟು ಸರಿದಿದೆ ಅನ್ನೋದರ ಮೇಲೆ ಎಲ್ಲ ಬದಲಾಗುತ್ತೆ.

ನವಲಗುಂದ_ಜಮಖಾನ
ಹೌದು, ಚೀಟಿ ತೆಗೆದು ನೋಡಿದೆ. ರೇಡಿಯಲ್ ಹೆಡ್ ಅಂತಲೇ ಇದೆ. ಆದರೂ ಎರಡನೆಯ ಅಭಿಪ್ರಾಯ ಕೇಳಿ ಅನ್ನೋ ಮಾತು ನಾನು ಬಿಡೋದಿಲ್ಲ.

ಸಪ್ತಾಪುರ_ಮಾಸ್ತರ
ಡಾಕ್ಟರ್ ಸಾಹೇಬರೇ, ಒಂದು ಪ್ರಶ್ನೆ. ಎಲುಬು ತಾನಾಗಿಯೇ ಕೂಡುತ್ತೆ ಅಂತ ನಿಮ್ಮ ಪುಸ್ತಕದಲ್ಲೂ ಇದೆ, ನಮ್ಮ ಹಳ್ಳಿಯ ಅಜ್ಜನಿಗೂ ಗೊತ್ತಿತ್ತು. ಸರಿದ ಎಲುಬನ್ನು ಎಳೆದು ಕೂಡಿಸಿ ಕಟ್ಟಿದರೆ ಯಾಕೆ ಆಗೋದಿಲ್ಲ?

ಎಲುಬಿನ_ಪಿಜಿ
ಒಳ್ಳೆಯ ಪ್ರಶ್ನೆ ಸರ್. ಮುಂಗೈ ನಡುವೆಯೋ, ಕಾಲಿನ ನಡುವೆಯೋ ಮುರಿದರೆ ಚೂರಿಗೆ ಸ್ನಾಯು, ಪೊರೆ ಎಲ್ಲ ಅಂಟಿಕೊಂಡಿರುತ್ತೆ. ಹೊರಗಿನಿಂದ ಎಳೆದರೆ ಒಳಗಿನ ಎಲುಬೂ ಅದರ ಜೊತೆ ಬರುತ್ತೆ. ಹಿಂದಿನವರ ಕೈಗುಣ ನಡೆಯುತ್ತಿದ್ದದ್ದು ಅಂಥ ಕಡೆ, ಅದನ್ನು ನಾನು ಅಲ್ಲಗಳೆಯೋದಿಲ್ಲ.

ಈ ಚೂರಿಗೆ ಸ್ನಾಯುವಿನ ಹಿಡಿತವೇ ಇಲ್ಲ. ಒಂದು ಮುಖ ಪೂರ್ತಿ ಮೆದು ಎಲುಬು, ಇನ್ನೊಂದು ಮುಖ ಮುರಿದ ಜಾಗ. ಕೀಲಿನೊಳಗೆ ಬಿಡಿಯಾಗಿ ಬಿದ್ದಿರುತ್ತೆ. ಹೊರಗಿನಿಂದ ಯಾವುದನ್ನು ಹಿಡಿದು ಎಳೆಯೋದು? ಅದೃಷ್ಟಕ್ಕೆ ಕೂತರೂ ಮತ್ತೆ ಜಾರುತ್ತೆ. ಜಾರದಂತೆ ವಾರಗಟ್ಟಲೆ ಪ್ಲಾಸ್ಟರ್ ಹಾಕಿದರೆ ಮೊಣಕೈ ಬಿಗಿಯುತ್ತೆ. ನಮ್ಮ ದೇಹದಲ್ಲಿ ಬೇಗ ಬಿಗಿಯೋ ಕೀಲುಗಳಲ್ಲಿ ಇದೂ ಒಂದು.

ಇನ್ನೊಂದು ಮಾತು. ಕೀಲಿನ ಮೇಲ್ಮೈ ಸ್ವಲ್ಪವೂ ಏರುಪೇರಾಗಬಾರದು. ಎಲುಬಿನ ನಡುವೆ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ದೇಹ ಸಹಿಸುತ್ತೆ. ಕೀಲಿನೊಳಗೆ ಸಹಿಸೋದಿಲ್ಲ, ತಿಕ್ಕಿ ತಿಕ್ಕಿ ಸವೆಯುತ್ತೆ.

ಬೆಟಗೇರಿ_ಮಗ್ಗ
ನಮ್ಮ ಕಾಕಾನ ಮಗನಿಗೆ ಎಣ್ಣೆ ಹಾಕಿ ತಿಕ್ಕಿಸಿ, ಕೈ ಜಗ್ಗಿಸಿ, ಕೊನೆಗೆ ಮೊಣಕೈ ಮುಂದೆ ಸ್ನಾಯುವಿನೊಳಗೇ ಎಲುಬು ಬೆಳೆದಿತ್ತು. ತೊಂಬತ್ತು ಡಿಗ್ರಿಗೆ ಕೈ ನಿಂತೇ ಹೋಯ್ತು. ಊಟ ಮಾಡೋಕೆ ತಲೆ ಬಗ್ಗಿಸಬೇಕು. ಮಗ್ಗದ ಕೆಲಸ ಬಿಟ್ಟ. ಅದಕ್ಕೇ ನಾನು ಮೊದಲ ಮಾತೇ ಎಣ್ಣೆ ಬಗ್ಗೆ ಹೇಳಿದ್ದು.

ಫಿಸಿಯೋ_ವೈನಿ
ಅದಕ್ಕೆ ಮಯೋಸೈಟಿಸ್ ಆಸಿಫಿಕನ್ಸ್ ಅಂತಾರೆ. ಪೆಟ್ಟಾದ ಮೊಣಕೈ ತಿಕ್ಕಿಸಿಕೊಂಡು, ಕೈ ಬಿಗಿದ ಮೇಲೆ ನಮ್ಮ ಹತ್ತಿರ ಬರುವವರು ಬಹಳ. ಮಾಸ್ತರ ಸರ್, ಬೇಜಾರಾಗಬೇಡಿ, ನಿಮ್ಮ ಕೈ ಪುಣ್ಯ ಮಾಡಿತ್ತು. ದಿನದ ಕೆಲಸಕ್ಕೆ ಸುಮಾರು 30ರಿಂದ 130 ಡಿಗ್ರಿವರೆಗೆ ಮೊಣಕೈ ಆಡಿದರೆ ಸಾಕು. ನೀವು ಆ ಗೆರೆಯೊಳಗೆ ಉಳಿದಿದ್ದೀರಿ. ಎಲ್ಲರೂ ಉಳಿಯೋದಿಲ್ಲ.

ಸಪ್ತಾಪುರ_ಮಾಸ್ತರ
ಇರಲಿ ವೈನಿ, ಪುಣ್ಯ ಅಂತಲೇ ಅನ್ನಿ. ಆದರೆ ದುಡ್ಡಿನ ವಿಷಯ ಯಾರೂ ಮಾತಾಡುತ್ತಿಲ್ಲ.

ರಾಣೆಬೆನ್ನೂರ_ಹುಡುಗ
ಬಿಪಿಎಲ್ ಕಾರ್ಡ್ ಇದ್ದರೆ ಎಲ್ಲಾ ಕಡೆ ಫ್ರೀ ಅಲ್ವಾ? ಯಾವ ಪ್ರೈವೇಟ್ ಆಸ್ಪತ್ರೆಗಾದರೂ ನೇರ ಹೋಗಿ.

ಉಣಕಲ್_ಕೆರಿ
ಇಲ್ಲ ಇಲ್ಲ, ಹಾಗಲ್ಲ. ನೇರ ಹೋಗಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದರೆ ಕೈ ಚೆಲ್ಲುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ರೆಫರಲ್ ಚೀಟಿ ಕೊಡುತ್ತಾರೆ, ಅದನ್ನು ಹಿಡಿದು ಯೋಜನೆಯಲ್ಲಿರುವ ಪ್ರೈವೇಟ್‌ಗೆ ಹೋಗಬಹುದು. ತುರ್ತು ಇದ್ದರೆ ಬೇರೆ ಮಾತು.

ಲಕ್ಷ್ಮೇಶ್ವರದವರಿಗೆ ಗದಗದ ಜಿಮ್ಸ್ ಹತ್ತಿರ. ಹುಬ್ಬಳ್ಳಿಗೆ ಬಂದಿದ್ದರೆ ಕಿಮ್ಸ್ ಇದೆ. ಹೆಸರು ಬದಲಾಗಿದೆ, ಆದರೆ ಆಟೋದವರಿಗೆ ಇನ್ನೂ ಕಿಮ್ಸೇ. ಆಸ್ಪತ್ರೆಯೊಳಗೆ ಆರೋಗ್ಯಮಿತ್ರ ಅಂತ ಕೂತಿರುತ್ತಾರೆ, ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಅವರನ್ನೇ ಮಾತಾಡಿಸಿ. ಸ್ಕ್ರೂ ದುಡ್ಡು ಪ್ಯಾಕೇಜಿನೊಳಗೆ ಬರುತ್ತಾ, ಹೊರಗಿನಿಂದ ತರಬೇಕಾ ಅಂತ ಆಪರೇಷನ್‌ಗೆ ಮುಂಚೆಯೇ ಕೇಳಿ. ಜಗಳ ಆಗೋದೇ ಅಲ್ಲಿ.

ಗಿರ್ಮಿಟ್_ಹುಬ್ಬಳ್ಳಿ
ಭಾವನದು ಎಪಿಎಲ್ ಕಾರ್ಡ್. ಸೊಸೈಟಿಯಲ್ಲಿ ಸದಸ್ಯತ್ವ ಇದೆ, ಸಹಕಾರಿ ಸದಸ್ಯರ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದಾರಾ ಕೇಳುತ್ತೇನೆ. ಥ್ಯಾಂಕ್ಸ್ ರೀ.

ಪಿಜಿ ಸರ್, ಎರಡು ಅನುಮಾನ. ತಲೆ ಇಲ್ಲದ ಸ್ಕ್ರೂ ಅಂದರೆ ಏನು? ಎಷ್ಟು ದಿನ ತಡ ಮಾಡಬಹುದು? ಮನೆಯಲ್ಲಿ ಒಮ್ಮತ ಆಗಬೇಕು.

ಎಲುಬಿನ_ಪಿಜಿ
ಮಾಮೂಲಿ ಸ್ಕ್ರೂಗೆ ಅಗಲ ತಲೆ ಇರುತ್ತೆ. ಅದನ್ನು ಕೀಲಿನ ಮೇಲ್ಮೈಯಲ್ಲಿ ಹಾಕಿದರೆ ಎದುರಿನ ಎಲುಬನ್ನು ಕೆರೆಯುತ್ತೆ. ಆಸ್ಟ್ರೇಲಿಯಾದ ಸರ್ಜನ್ ತಿಮೋತಿ ಹರ್ಬರ್ಟ್ ಮಣಿಕಟ್ಟಿನ ಸ್ಕೇಫಾಯ್ಡ್ ಅನ್ನೋ ಸಣ್ಣ ಎಲುಬಿಗಾಗಿ ತಲೆ ಇಲ್ಲದ ಸ್ಕ್ರೂ ಮಾಡಿದರು. ಎರಡೂ ತುದಿಗೆ ಮರೆ (ಸ್ಕ್ರೂ ಮೇಲಿನ ಸುರುಳಿ ಗೆರೆ) ಇರುತ್ತೆ, ಆದರೆ ಮರೆಗಳ ನಡುವಿನ ಅಂತರ ಎರಡು ಕಡೆ ಬೇರೆ ಬೇರೆ. ತಿರುಗಿಸುತ್ತಾ ಹೋದ ಹಾಗೆ ಮುಂದಿನ ತುದಿ ಜಾಸ್ತಿ ಓಡುತ್ತೆ, ಹಿಂದಿನದು ಕಡಿಮೆ ಓಡುತ್ತೆ, ಹಾಗಾಗಿ ಎರಡು ಚೂರು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಪೂರ್ತಿ ಸ್ಕ್ರೂ ಮೆದು ಎಲುಬಿನ ಕೆಳಗೆ ಮುಳುಗುತ್ತೆ. ಸಾಮಾನ್ಯವಾಗಿ ತೆಗೆಯೋ ಕೆಲಸ ಇರೋದಿಲ್ಲ.

ಆಪರೇಷನ್‌ನಲ್ಲಿ ಮೊಣಕೈಯ ಹೊರಬದಿಗೆ ಕೊಯ್ದು ಕೀಲು ತೆರೆಯುತ್ತಾರೆ. ಚೂರನ್ನು ಅದರ ಜಾಗಕ್ಕೆ ಕೂಡಿಸಿ, ಮೊದಲು ಸಣ್ಣ ತಂತಿಯಿಂದ ತಾತ್ಕಾಲಿಕವಾಗಿ ಹಿಡಿಸಿ, ಸಿ-ಆರ್ಮ್ ಅನ್ನೋ ಎಕ್ಸ್‌ರೇ ಯಂತ್ರದಲ್ಲಿ ನೋಡಿ, ಆಮೇಲೆ ಸ್ಕ್ರೂ. ಹಿಂಬದಿಯನ್ನು ಜಾಸ್ತಿ ಕೆದಕಬಾರದು, ಆ ಜಾಗಕ್ಕೆ ರಕ್ತ ಬರೋದು ಹಿಂದಿನಿಂದ. ಬೆರಳು ಮೇಲೆತ್ತುವ ನರ ರೇಡಿಯಸ್ ಎಲುಬಿನ ಕೊರಳನ್ನು ಸುತ್ತಿ ಹೋಗುತ್ತೆ. ಕೊಯ್ಯುವಾಗ ಅಂಗೈ ಕೆಳಮುಖ ಮಾಡಿ ಹಿಡಿದರೆ ಆ ನರ ಸ್ವಲ್ಪ ದೂರ ಸರಿಯುತ್ತೆ.

ಎಲ್ಲದಕ್ಕೂ ಸ್ಕ್ರೂ ಅಂತಲ್ಲ. ಜಾಗ ಬಿಟ್ಟು ಕದಲದೇ ಇದ್ದರೆ ಕೆಲವು ದಿನ ಪ್ಲಾಸ್ಟರ್ ಹಾಕಿ ನೋಡುವುದೂ ಇದೆ. ಬರೀ ಮೆದು ಎಲುಬಿನ ತೆಳು ಸಿಪ್ಪೆ ಎದ್ದಿದ್ದರೆ ಸ್ಕ್ರೂಗೆ ಹಿಡಿತ ಸಿಗೋದಿಲ್ಲ, ಕೆಲವೊಮ್ಮೆ ತೆಗೆದೇ ಹಾಕುತ್ತಾರೆ. ಮೊದಲೆಲ್ಲ ದೊಡ್ಡ ಚೂರನ್ನೂ ತೆಗೆಯುವವರಿದ್ದರು, ಈಗ ಕೂಡಿಸಲು ಆಗುವುದನ್ನು ಕೂಡಿಸುತ್ತಾರೆ. ಅಕ್ಕನದು ದೊಡ್ಡ ಚೂರು ಇರಬಹುದು. ಅದನ್ನು ಹಾನ್-ಸ್ಟೈನ್‌ಥಾಲ್ ಮಾದರಿ ಅಂತಾರೆ. 1853ರಲ್ಲಿ ಹಾನ್, 1898ರಲ್ಲಿ ಸ್ಟೈನ್‌ಥಾಲ್ ವಿವರಿಸಿದ್ದರು. ಸಿ.ಟಿ. ಮಾಡಿಸಿದ್ದು ಯಾಕೆ ಅಂದರೆ, ಕೆಲವರಲ್ಲಿ ಸೀಳು ಪಕ್ಕದ ಟ್ರೋಕ್ಲಿಯಾವರೆಗೂ (ಅದೇ ಎಲುಬಿನ ಒಳಬದಿಯ ರಾಟೆಯಂಥ ಭಾಗ) ಹೋಗಿರುತ್ತೆ. ಆಗ ಪಕ್ಕದ ಎಕ್ಸ್‌ರೇಯಲ್ಲಿ ಒಂದರ ಬದಲು ಎರಡು ಕಮಾನು ಕಾಣುತ್ತೆ, ಆಪರೇಷನ್ನೂ ಕಷ್ಟ.

ತಡದ ಬಗ್ಗೆ: ಚರ್ಮ ಒಡೆದಿಲ್ಲ, ಬೆರಳಿಗೆ ರಕ್ತ, ನರ ಸರಿ ಇವೆ ಅಂದರೆ ಇವತ್ತು ರಾತ್ರಿಯೇ ಓಡಬೇಕಿಲ್ಲ. ಆದರೆ ಆಗಲೇ ಒಂದು ವಾರ ಹೋಗಿದೆ. ಮೂರು ವಾರ ದಾಟಿದರೆ ಚೂರಿನ ಅಂಚು ಮೊಂಡಾಗುತ್ತೆ, ನಡುವೆ ನಾರು ಬೆಳೆಯುತ್ತೆ, ಸರಿಯಾಗಿ ಕೂಡಿಸುವುದು ಕಷ್ಟ ಆಗುತ್ತೆ. ಮನೆಯ ಪಂಚಾಯಿತಿ ಈ ವಾರದಲ್ಲೇ ಮುಗಿಸಿ.

ಸವಣೂರು_ಎಲಿ
ಇಷ್ಟುದ್ದ ಯಾರು ಓದುತ್ತಾರೆ ಅಂತ ಶುರು ಮಾಡಿದೆ, ಪೂರ್ತಿ ಓದಿದೆ.

ಬ್ಯಾಡಗಿ_ಖಾರ
ನನಗೆ ಮೊಣಕೈ ಹಿಂದಿನ ಮೊನೆ ಮುರಿದಿತ್ತು, ಒಲೆಕ್ರಾನನ್. ತಂತಿ ಬಿಗಿದು ಕೂಡಿಸಿದರು. ಎಲುಬು ಕೂಡಿತು, ಆದರೆ ತಂತಿಯ ತುದಿ ಚರ್ಮದ ಕೆಳಗೆ ಚುಚ್ಚುತ್ತಿತ್ತು. ಟೇಬಲ್ ಮೇಲೆ ಮೊಣಕೈ ಊರಿದರೆ ಜೀವ ಹೋಗುತ್ತಿತ್ತು. ಮತ್ತೊಂದು ಸಲ ತೆಗೆಸಬೇಕಾಯ್ತು. ಸ್ಕ್ರೂ ಮುಳುಗಿರುತ್ತೆ ಅಂದರೆ ಅಕ್ಕನಿಗೆ ಆ ಕಾಟ ಇರಲಿಕ್ಕಿಲ್ಲ.

ಅರಿವಳಿಕೆಗೆ ಹೆದರಬೇಡಿ ಅಂತ ಹೇಳಿ. ನನಗೆ ಕಾಲರ್ ಎಲುಬಿನ ಹತ್ತಿರ ಇಂಜೆಕ್ಷನ್ ಕೊಟ್ಟು ಬರೀ ಕೈ ಮರಗಟ್ಟಿಸಿದರು. ಎಚ್ಚರ ಇದ್ದೆ. ಡ್ರಿಲ್ ಸಪ್ಪಳ ಕೇಳುತ್ತಿತ್ತು, ಮಧ್ಯೆ ಅವರು ಯಾರದೋ ಮದುವೆ ಊಟದ ಬಗ್ಗೆ ಮಾತಾಡುತ್ತಿದ್ದರು. ಪರದೆಯ ಆ ಕಡೆ ಯಾರದೋ ಕೈ ಎತ್ತಿ ಹಿಡಿದರು, ನೋಡಿದರೆ ಅದು ನನ್ನದೇ! ರಾತ್ರಿವರೆಗೆ ಕೈ ಇದೆ ಅನ್ನೋದೇ ಗೊತ್ತಾಗಲಿಲ್ಲ. ಮರಗಟ್ಟಿದ್ದು ಬಿಡೋ ಮುಂಚೆಯೇ ನೋವಿನ ಗುಳಿಗೆ ಕೇಳಿ ತೆಗೆದುಕೊಳ್ಳಲಿ. ಬಿಟ್ಟ ಮೇಲೆ ಕೇಳಿದರೆ ನರ್ಸ್ ಬರೋವರೆಗೆ ದೇವರೇ ಗತಿ.

ರಾಣೆಬೆನ್ನೂರ_ಹುಡುಗ
ಸ್ಕ್ರೂ ಇದ್ದರೆ ವಿಮಾನ ನಿಲ್ದಾಣದಲ್ಲಿ ಕೂಗುತ್ತಾ?

ಉಣಕಲ್_ಕೆರಿ
ಅಕ್ಕ ಲಕ್ಷ್ಮೇಶ್ವರದಿಂದ ಹುಬ್ಬಳ್ಳಿ ಬಸ್ಸಿಗೆ ಬರುತ್ತಾಳೆ ತಮ್ಮಾ, ವಿಮಾನಕ್ಕಲ್ಲ. ಆ ಗುಂಡಿ ರಸ್ತೆಯಲ್ಲಿ ಸ್ಕ್ರೂ ಕೂಗದಿದ್ದರೂ ನಾವು ಕೂಗುತ್ತೇವೆ.

ಸವಣೂರು_ಎಲಿ
ರಸ್ತೆ ಶುರು ಆಯ್ತು ಅಂದರೆ ಈ ಚರ್ಚೆ ಇಲ್ಲಿಗೆ ಮುಗೀತು.

ಗಿರ್ಮಿಟ್_ಹುಬ್ಬಳ್ಳಿ
ಅಕ್ಕ ಕೇಳೋದು ಒಂದೇ ಪ್ರಶ್ನೆ. ರೊಟ್ಟಿ ಬಡಿಯೋಕೆ ಯಾವಾಗ ಆಗುತ್ತೆ? ಮನೆಯಲ್ಲಿ ಏಳು ಜನ, ಎರಡು ಹೊತ್ತು ಜೋಳದ ರೊಟ್ಟಿ.

ಫಿಸಿಯೋ_ವೈನಿ
ಏಳು ಜನರಲ್ಲಿ ಬೇರೆ ಯಾರಿಗೂ ಕೈ ಇಲ್ವಾ?

ಬ್ಯಾಡಗಿ_ಖಾರ
ವೈನಿ, ಸಿಕ್ಸರ್.

ಫಿಸಿಯೋ_ವೈನಿ
ತಮಾಷೆ ಬಿಟ್ಟು ಹೇಳುತ್ತೇನೆ. ಹಿಟ್ಟು ನಾದುವಾಗ ಅಂಗೈ ಮೇಲೆ ಮೈಭಾರ ಬೀಳುತ್ತೆ. ಆ ಭಾರ ಮಣಿಕಟ್ಟಿನಿಂದ ರೇಡಿಯಸ್ ಹಿಡಿದು ನೇರ ಈ ಕೂಡಿಸಿದ ಚೂರಿನ ಮೇಲೆಯೇ ಬರುತ್ತೆ. ರೊಟ್ಟಿ ಬಡಿಯುವಾಗ ಪೆಟ್ಟು ಹಗುರ, ಆದರೆ ಒಂದೇ ಸಮ ಬೀಳುತ್ತಾ ಇರುತ್ತೆ. ಹಾಗಾಗಿ ಎಲುಬು ಕೂಡಿದೆ ಅಂತ ಡಾಕ್ಟರ್ ಎಕ್ಸ್‌ರೇ ನೋಡಿ ಹೇಳುವವರೆಗೆ ಎರಡೂ ಬೇಡ. ಸುಮಾರು ಮೂರು ತಿಂಗಳು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಒಬ್ಬೊಬ್ಬರದು ಒಂದೊಂದು ಥರ. ಲೋಟ ಹಿಡಿಯೋದು, ಊಟ ಮಾಡೋದು, ತಲೆ ಬಾಚೋದು ಅದಕ್ಕಿಂತ ಬಹಳ ಮೊದಲೇ ಆಗುತ್ತೆ.

ಆಪರೇಷನ್ ಆದ ಮೇಲೆ ಬಹಳ ಜನ ತಪ್ಪು ಮಾಡೋದು ಎರಡು ರೀತಿ. ಒಂದು, "ಸ್ಕ್ರೂ ಸಡಿಲ ಆದೀತು" ಅಂತ ಹೆದರಿ ತಿಂಗಳುಗಟ್ಟಲೆ ಕೈ ಕೊರಳಿಗೇ ಕಟ್ಟಿಕೊಳ್ಳೋದು. ಸ್ಕ್ರೂ ಹಾಕಿದ್ದೇ ಬೇಗ ಆಡಿಸಲಿ ಅಂತ. ಗಟ್ಟಿ ಕೂತಿದೆ ಅಂತ ಸರ್ಜನ್ ಹೇಳಿದರೆ ಮೊದಲ ಒಂದೆರಡು ವಾರದಲ್ಲೇ ಶುರು ಮಾಡಬೇಕು. ಎರಡು, ಗಂಡನೋ ಮಗನೋ ಪಕ್ಕ ಕೂತು ಕೈ ಹಿಡಿದು ಜಗ್ಗೋದು. ಇದು ಅದಕ್ಕಿಂತ ಕೆಟ್ಟದ್ದು. ನೀರು ತುಂಬಿದ ಕೊಡ ಹಿಡಿದು ನಿಂತರೆ ಕೈ ನೆಟ್ಟಗಾಗುತ್ತೆ ಅನ್ನೋ ಸಲಹೆಯೂ ಓಣಿಯಲ್ಲಿ ಸಿಗುತ್ತೆ, ಕಿವಿಗೆ ಹಾಕಿಕೊಳ್ಳಬೇಡಿ.

ಹೀಗೆ ಮಾಡಿಸಿ. ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ದಿಂಬು, ದಿಂಬಿನ ಮೇಲೆ ತೋಳು. ಅಕ್ಕನೇ ತನ್ನ ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು ಮೆಲ್ಲಗೆ ಮಡಚಲಿ, ಬಿಗಿ ಅನ್ನಿಸಿದ ಕಡೆ ನಿಲ್ಲಿಸಲಿ, ನಿಧಾನ ಬಿಡಲಿ. ಆಮೇಲೆ ಮೊಣಕೈ ಪಕ್ಕೆಗೆ ತಾಗಿಸಿ ಅಂಗೈ ಮೇಲೆ, ಅಂಗೈ ಕೆಳಗೆ. ಒಂದೇ ಸಲ ಒಂದು ತಾಸು ಬೇಡ, ದಿನಕ್ಕೆ ನಾಲ್ಕಾರು ಸಲ ಸ್ವಲ್ಪ ಸ್ವಲ್ಪ. ಮಾಡಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್. ಮರುದಿನ ಬಾವು ಏರಿದ್ದರೆ ಹಿಂದಿನ ದಿನ ಜಾಸ್ತಿ ಆಯ್ತು ಅಂತ ಅರ್ಥ. ಭುಜ, ಬೆರಳು ಮಾತ್ರ ಮೊದಲ ದಿನದಿಂದಲೇ ಆಡಿಸುತ್ತಿರಬೇಕು.

ನವಲಗುಂದ_ಜಮಖಾನ
ಅಲ್ಲಿಯವರೆಗೆ ರೊಟ್ಟಿ ಕೊಂಡು ತನ್ನಿ. ಕಟಕ ರೊಟ್ಟಿ ಒಂದು ತಿಂಗಳಾದರೂ ಕೆಡೋದಿಲ್ಲ.

ಬೆಟಗೇರಿ_ಮಗ್ಗ
ಗದಗದಲ್ಲಿ ಓಣಿಗೊಬ್ಬರು ಬಡಿದು ಮಾರುತ್ತಾರೆ. ಹುಬ್ಬಳ್ಳಿಯದಕ್ಕಿಂತ ತೆಳು.

ಉಣಕಲ್_ಕೆರಿ
ತೆಳುವಾಗಿದ್ದರೆ ಅದು ರೊಟ್ಟಿ ಅಲ್ಲ, ಹಪ್ಪಳ.

ಬೆಟಗೇರಿ_ಮಗ್ಗ
ನೀವು ದುರ್ಗದಬೈಲಿನ ಗಿರ್ಮಿಟ್ ತಿಂದು ಬೆಳೆದವರು, ರೊಟ್ಟಿ ಬಗ್ಗೆ ನಿಮ್ಮ ಜೊತೆ ವಾದ ಬೇಡ.

ಸಪ್ತಾಪುರ_ಮಾಸ್ತರ
ನನ್ನ ಕಡೆಯ ಅನುಮಾನ. ಆಪರೇಷನ್ ಮಾಡಿಸಿದರೂ ಕೈ ಪೂರ್ತಿ ಚಾಚುತ್ತೆ ಅಂತ ಗ್ಯಾರಂಟಿ ಕೊಡುತ್ತೀರಾ?

ಎಲುಬಿನ_ಪಿಜಿ
ಇಲ್ಲ ಸರ್. ಕೊಡುವವರಿದ್ದರೆ ನಂಬಬೇಡಿ. ಕೊನೆಯ ಕೆಲವು ಡಿಗ್ರಿ ಚಾಚೋದು ಎಷ್ಟೋ ಜನರಲ್ಲಿ ಉಳಿದುಬಿಡುತ್ತೆ. ಬಿಗಿತವೇ ಬಹಳವಾಗಿ ಕಾಣುವ ತೊಂದರೆ. ಅಪರೂಪಕ್ಕೆ ಚೂರಿಗೆ ರಕ್ತ ಸಿಗದೆ ಸಾಯಬಹುದು, ಕೂಡದೇ ಇರಬಹುದು, ಸೋಂಕು ಆಗಬಹುದು, ವರ್ಷಗಳ ಮೇಲೆ ಕೀಲು ಸವೆಯಬಹುದು. ಒಂದೇ ದೊಡ್ಡ ಚೂರಾಗಿದ್ದು ಸರಿಯಾಗಿ ಕೂಡಿಸಿದ್ದರೆ ಹೆಚ್ಚಿನವರ ಕೈ ಕೆಲಸಕ್ಕೆ ಬರುವಷ್ಟು ಚೆನ್ನಾಗಿ ಆಡುತ್ತೆ. ಪುಡಿಪುಡಿ ಆಗಿದ್ದರೆ, ಹಿಂಬದಿಯ ಎಲುಬೂ ಜಜ್ಜಿದ್ದರೆ ಅಷ್ಟು ಭರವಸೆ ಇಲ್ಲ. ಅಕ್ಕನದು ಯಾವ ಥರ ಅಂತ ಸರ್ಜನ್ ಹತ್ತಿರ ಬಾಯಿಬಿಟ್ಟು ಕೇಳಿ. ಜೊತೆಗೆ ರೇಡಿಯಸ್ ತಲೆಗೆ, ಕಟ್ಟುನಾರಿಗೆ ಪೆಟ್ಟಿದೆಯಾ ಅಂತಲೂ ಕೇಳಿ, ಎಷ್ಟೋ ಸಲ ಅವೂ ಜೊತೆಗೇ ಇರುತ್ತವೆ. ಈ ಆಪರೇಷನ್ ಮೊದಲು ಮಾಡಿದ್ದೀರಾ ಅಂತ ಕೇಳೋಕೂ ಸಂಕೋಚ ಬೇಡ. ಅಪರೂಪದ್ದು ಅಂದ ಮೇಲೆ ಅದು ಸರಿಯಾದ ಪ್ರಶ್ನೆಯೇ.

ಸಪ್ತಾಪುರ_ಮಾಸ್ತರ
ಗ್ಯಾರಂಟಿ ಇಲ್ಲ ಅಂದಿದ್ದಕ್ಕೇ ನಿಮ್ಮ ಮೇಲೆ ನಂಬಿಕೆ ಬಂತು. ಎಲುಬು ಕಟ್ಟುವವರ ಬಗ್ಗೆ ನನ್ನ ಗೌರವ ಹಾಗೇ ಇದೆ ಮತ್ತೆ.

ಗಿರ್ಮಿಟ್_ಹುಬ್ಬಳ್ಳಿ
ಅಪ್ಡೇಟ್. ಭಾವನ ಅಪ್ಪಾಜಿಗೆ ಇಲ್ಲಿಯ ಮಾತು ಓದಿ ಹೇಳಿದೆ. "ಹಿಡಿಯೋಕೆ ಏನೂ ಇಲ್ಲದ ಚೂರು" ಅಂದ ಕಡೆ ಅವರು ಸುಮ್ಮನಾದರು. ಇನ್ನೊಬ್ಬ ಸರ್ಜನ್‌ಗೂ ಸಿ.ಟಿ. ತೋರಿಸಿದೆವು, ಅವರೂ ಅದೇ ಹೇಳಿದರು. ಒಂದೇ ದೊಡ್ಡ ಚೂರು, ಹಿಂಬದಿ ಗಟ್ಟಿ ಇದೆ, ರೇಡಿಯಸ್ ತಲೆಗೆ ಏನೂ ಆಗಿಲ್ಲ.

ಮೊನ್ನೆ ಆಪರೇಷನ್ ಆಯ್ತು. ಎರಡು ಸ್ಕ್ರೂ. ಬರೀ ಕೈ ಮರಗಟ್ಟಿಸಿದ್ದರು. ಮರಗಟ್ಟಿದ್ದು ಬಿಟ್ಟ ಮೇಲೆ ಡಾಕ್ಟರ್ ಬಂದು ಬೆರಳು ಮೇಲೆತ್ತಿ ಅಂದರು, ಹೆಬ್ಬೆರಳು ಸಮೇತ ಎಲ್ಲಾ ಎತ್ತಿದಳು. ನರದ ಬಗ್ಗೆ ಓದಿದ್ದರಿಂದ ನಾನೂ ಅದನ್ನೇ ಕಾಯುತ್ತಿದ್ದೆ. ಆಪರೇಷನ್ ಟೇಬಲ್ ಮೇಲೆಯೇ ಕೈ ಪೂರ್ತಿ ಮಡಚಿ, ಚಾಚಿ ನೋಡಿದರಂತೆ, ಎಲ್ಲೂ ತಡೆಯಲಿಲ್ಲ ಅಂದರು. ಹೊಲಿಗೆ ಬಿಚ್ಚುವ ಮುಂಚೆಯೇ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್) ತೆಗೆದು ಮಡಚೋದು ಶುರು ಮಾಡಿಸುತ್ತಾರಂತೆ.

ಯಶಸ್ವಿನಿ ಭಾವ ಈ ವರ್ಷ ಮಾಡಿಸಿರಲಿಲ್ಲ. ಎಪಿಎಲ್ ಲೆಕ್ಕದಲ್ಲಿ ಸ್ವಲ್ಪ ಸಿಕ್ಕಿತು, ಉಳಿದದ್ದು ಕೈಯಿಂದ.

ಫಿಸಿಯೋ_ವೈನಿ
ಬಹಳ ಛಲೋ ಆಯ್ತು. ಅತ್ತೆಯವರ ಎಣ್ಣೆ ಬಾಟಲಿ ಅಡಗಿಸಿಡಿ.

ಗಿರ್ಮಿಟ್_ಹುಬ್ಬಳ್ಳಿ
ಅದನ್ನು ಅಕ್ಕನೇ ತಲೆಗೆ ಹಚ್ಚಿಕೊಂಡು ಖಾಲಿ ಮಾಡಿದ್ದಾಳೆ.

ಉಣಕಲ್_ಕೆರಿ
ಡಿಸ್ಚಾರ್ಜ್ ಚೀಟಿ, ಸ್ಕ್ರೂ ಪ್ಯಾಕೆಟಿನ ಸ್ಟಿಕ್ಕರ್, ಸಿ.ಟಿ. ಸಿ.ಡಿ. ಎಲ್ಲಾ ಒಂದೇ ಚೀಲದಲ್ಲಿ ಇಡಿ. ಮುಂದೆ ಎಂದಾದರೂ ಎಂಆರ್‌ಐ ಅಂದಾಗ ಯಾವ ಲೋಹ ಅಂತ ಕೇಳುತ್ತಾರೆ.

ಹಾನಗಲ್_ಭತ್ತ
ಇಲ್ಲಿ ಹೊಸಬ. ಇದನ್ನೇ ಹುಡುಕುತ್ತಾ ಬಂದೆ. ನನ್ನ ಮಗನಿಗೆ ಆರು ವರ್ಷ, ಮಧ್ಯಾಹ್ನ ಪೇರಲ ಗಿಡದಿಂದ ಬಿದ್ದ. ಮೊಣಕೈ ದಪ್ಪ ಊದಿದೆ, ಬೆರಳು ಬೆಳ್ಳಗಿದೆ, ಮುಟ್ಟಿದರೆ ತಣ್ಣಗೆ ಅನ್ನಿಸುತ್ತೆ. ಇದೂ ಕ್ಯಾಪಿಟೆಲ್ಲಮ್ ಇರಬಹುದಾ? ನಾಳೆ ಹಾವೇರಿಗೆ ಕರೆದೊಯ್ಯಲಾ?

ಎಲುಬಿನ_ಪಿಜಿ
ನಾಳೆ ಅಲ್ಲ, ಈಗಲೇ ಹೊರಡಿ. ಮಕ್ಕಳಲ್ಲಿ ಸಾಮಾನ್ಯವಾಗಿ ಮುರಿಯೋದು ಮೊಣಕೈಯ ಸ್ವಲ್ಪ ಮೇಲೆ, ಅಲ್ಲಿ ರಕ್ತನಾಳ ಒತ್ತಿರಬಹುದು. ಬೆರಳು ಬೆಳ್ಳಗೆ, ತಣ್ಣಗೆ ಅಂದರೆ ತಾಸು ಲೆಕ್ಕದ ಮಾತು. ಬಿಗಿಯಾಗಿ ಏನನ್ನೂ ಕಟ್ಟಬೇಡಿ, ಕೈ ಮಡಚಿಸಬೇಡಿ, ಈಗ ಹೇಗಿದೆಯೋ ಹಾಗೇ ರಟ್ಟು ಆನಿಸಿ ಹಿಡಿದುಕೊಳ್ಳಿ. ಹೊಟ್ಟೆಗೆ ಏನೂ ಕೊಡಬೇಡಿ, ಅರಿವಳಿಕೆ ಬೇಕಾಗಬಹುದು. 108ಕ್ಕೆ ಫೋನ್ ಮಾಡಿ.

ಹಾನಗಲ್_ಭತ್ತ
ಹೊರಟೆವು. ಪಕ್ಕದ ಮನೆಯವರ ಕಾರು ಸಿಕ್ಕಿತು.

ಬ್ಯಾಡಗಿ_ಖಾರ
ಹಾವೇರಿಯಲ್ಲಿ ನನ್ನ ತಮ್ಮ ಇದ್ದಾನೆ, ಜಿಲ್ಲಾಸ್ಪತ್ರೆ ಬಾಗಿಲಿಗೆ ಬರೋಕೆ ಹೇಳುತ್ತೇನೆ. ನಿಮಗೆ ಇನ್‌ಬಾಕ್ಸ್ ಮಾಡಿದ್ದೇನೆ, ನೋಡಿ.